ಸೊನ್ನೆ ಬೆಲೆಯ ಗೇರ್‌ಬಾಕ್ಸ್

ಕಳೆದ ವರ್ಷ ರಂಜಾನ್ ಹಬ್ಬವಾಗಿ ನಾಲ್ಕನೇ ದಿನ ಶಾರ್ಜಾದಿಂದ ಭಾಯಿ ಫೋನ್ ಮಾಡಿದರು. ಹಬ್ಬದ ಮುಬಾರಕ್ ಎಲ್ಲ ಮೊದಲೇ ಮುಗಿದಿತ್ತು. ಅಮ್ಮಿಯ ಹತ್ತಿರ ಎರಡು ಮಾತಾಡಿ, ‘ಫೋನ್ ಛೋಟಿಗೆ ಕೊಡಿ’ ಅಂದರು. ಛೋಟಿ ಅಂದರೆ ನಾನು. ‘ನಿನಗೆ ಎಕ್ಸೆಲ್ ಬರುತ್ತಲ್ಲ? ಒಂದು ಗಾಡಿಯ ಹಿಸಾಬು ಹಾಕಿಕೊಡು. ಗಿರಾಕಿಗೆ ತೋರಿಸಬೇಕು. ನನ್ನ ಕೈಬರಹ ನೋಡಿದರೆ ಅವನು ಗಾಡಿ ವಾಪಸ್ ತಗೊಂಡು ಹೋಗ್ತಾನೆ.’

ನಾನು ಆಗ ಪ್ರಥಮ ಪಿಯುಸಿ ಪರೀಕ್ಷೆ ಬರೆದು ರಜೆಯಲ್ಲಿದ್ದೆ. ಅಕೌಂಟೆನ್ಸಿ ಪೇಪರ್ ಚೆನ್ನಾಗಿ ಆಗಿತ್ತು. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಲ್ಲ ಬರುತ್ತದೆ ಎಂಬ ಜಂಬವೂ ಸ್ವಲ್ಪ ಇತ್ತು. ‘ಅಷ್ಟೇ ತಾನೆ, ಕಳಿಸಿ’ ಅಂದೆ. ಆ ಹಿಸಾಬಿನಲ್ಲಿ ನಾನು ಮಾಡಿದ ತಪ್ಪನ್ನು ಇವತ್ತಿನವರೆಗೂ ಮನೆಯಲ್ಲಿ ಹೇಳಿಲ್ಲ. ಅಬ್ಬಾ ಓದುವುದು ಉರ್ದು ಪತ್ರಿಕೆ, ಅಮ್ಮಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಎಂಟನೇ ತರಗತಿಯ ತಮ್ಮ ಮಾತ್ರ ಕನ್ನಡ ಚೆನ್ನಾಗಿ ಓದುತ್ತಾನೆ. ಅವನೊಬ್ಬನದೇ ಭಯ.

ಭಾಯಿ ಎಸ್ಸೆಸ್ಸೆಲ್ಸಿ ಮುಗಿಸಿ ನಮ್ಮ ರಾಮನಗರದಲ್ಲೇ, ಮೈಸೂರು ರಸ್ತೆಯ ಒಂದು ಗ್ಯಾರೇಜಿಗೆ ಸೇರಿದವರು. ಲಾರಿ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದನ್ನು ಅಲ್ಲಿ ಕಲಿತರು. ಶಾರ್ಜಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೇ ಗಾಡಿಗಳ ಬಿಡಿಭಾಗದ ಅಂಗಡಿಗಳು ಸಾಲುಸಾಲಾಗಿವೆಯಂತೆ. ನಮ್ಮ ಶಿವಾಜಿನಗರದ ಗುಜರಿಯನ್ನು ನೂರು ಪಟ್ಟು ದೊಡ್ಡದು ಮಾಡಿ ಮರಳಿನ ಮೇಲೆ ಇಟ್ಟ ಹಾಗೆ ಎಂದು ಭಾಯಿ ಹೇಳುತ್ತಾರೆ. ಅಮೆರಿಕದಲ್ಲಿ ಗುದ್ದಿಸಿಕೊಂಡ ಕಾರು, ಜಪಾನಿನಲ್ಲಿ ಹಳತಾದ ಕಾರು ಎಲ್ಲ ಅಲ್ಲಿಗೆ ಬರುತ್ತವೆ.

ಗಿರಾಕಿಯ ಗಾಡಿಯೂ ಹಾಗೆ ಅಮೆರಿಕದಿಂದ ಬಂದದ್ದೇ. 1991ರ ಟೊಯೊಟಾ ಎಂಆರ್ 2. ಭಾಯಿ ವಿಡಿಯೋದಲ್ಲಿ ತೋರಿಸಿದರು. ಕೆಂಪು ಬಣ್ಣ, ಎರಡೇ ಸೀಟು, ಬಾಗಿಲು ತೆಗೆದರೆ ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ತಗ್ಗು. ಮುಂದಿನ ಬಾನೆಟ್ ಎತ್ತಿದರೆ ಒಳಗೆ ಸ್ಟೆಪ್ನಿ. ‘ಇಂಜಿನ್ ಎಲ್ಲಿ?’ ಅಂದೆ. ಸೀಟಿನ ಬೆನ್ನಿನ ಹಿಂದೆ, ಹಿಂದಿನ ಚಕ್ರಗಳ ಸ್ವಲ್ಪ ಮುಂದೆ. ಭಾರ ಗಾಡಿಯ ನಡುವೆ ಇದ್ದರೆ ತಿರುವಿನಲ್ಲಿ ಗಾಡಿ ಬೇಗ ತಿರುಗುತ್ತದೆ. ಅದಕ್ಕೇ ರೇಸ್ ಕಾರುಗಳಲ್ಲಿ ಹೀಗೆ ಇಡುತ್ತಾರೆ.

ಇಂಥ ಗಾಡಿಯನ್ನು ಕಡಿಮೆ ಬೆಲೆಗೆ ಹೇಗೆ ಮಾಡಿದರು ಎಂಬುದು ನನಗೆ ತುಂಬ ಇಷ್ಟವಾದ ವಿಷಯ. ಸಾಮಾನ್ಯ ಮಾರುತಿ ಕಾರಿನಲ್ಲಿ ಇಂಜಿನ್ ಮುಂದೆ ಅಡ್ಡಲಾಗಿ ಕೂತಿರುತ್ತದೆ, ಅದರ ಪಕ್ಕಕ್ಕೆ ಗೇರ್‌ಬಾಕ್ಸ್ ಕಚ್ಚಿಕೊಂಡಿರುತ್ತದೆ. ಲಾರಿಯಲ್ಲಾದರೆ ಗೇರ್‌ಬಾಕ್ಸ್ ಒಂದು ಕಡೆ, ಹಿಂದಿನ ಆಕ್ಸೆಲ್‌ನ ಡಿಫರೆನ್ಷಿಯಲ್ ಇನ್ನೊಂದು ಕಡೆ, ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಮಾರುತಿಯಲ್ಲಿ ಇವೆರಡೂ ಒಂದೇ ಡಬ್ಬಿಯೊಳಗೆ. ಆ ಡಬ್ಬಿಗೇ ಟ್ರಾನ್ಸಾಕ್ಸಲ್ ಎಂದು ಹೆಸರು. ಅದರ ಎರಡು ಪಕ್ಕಗಳಿಂದ ಎರಡು ಶಾಫ್ಟ್ ಹೊರಟು ನೇರವಾಗಿ ಚಕ್ರಕ್ಕೆ ಹೋಗುತ್ತವೆ. ಈಗ ಈ ಇಡೀ ಸೆಟ್ಟನ್ನು ಎತ್ತಿ ಸೀಟಿನ ಹಿಂದೆ ಇಟ್ಟುಬಿಟ್ಟರೆ ಸ್ಪೋರ್ಟ್ಸ್ ಕಾರು ತಯಾರು. 1972ರ ಫಿಯೆಟ್ ಎಕ್ಸ್ 1/9ರಲ್ಲಿ ಹೀಗೆ ಮಾಡಿದರು, ಅಮೆರಿಕದಲ್ಲಿ 1984ರ ಪಾಂಟಿಯಾಕ್ ಫಿಯೆರೋದಲ್ಲಿ ಮಾಡಿದರು, ಅದೇ ಕಾಲಕ್ಕೆ ಟೊಯೊಟಾ ಮೊದಲ ಎಂಆರ್ 2ರಲ್ಲಿ ಮಾಡಿತು. ಮನೆಮಂದಿ ಓಡಾಡುವ ಕಾರಿನ ಸಾಮಾನಿನಿಂದಲೇ ಹುಡುಗರು ಆಸೆಪಡುವ ಕಾರು.

ನಮ್ಮ ಗಿರಾಕಿಯ ಗಾಡಿಯಲ್ಲಿ ಇದ್ದದ್ದು 2.2 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, 130 ಹಾರ್ಸ್‌ಪವರ್. ಅದು ಹೊಗೆ ಕಾರುತ್ತಿತ್ತು. ಅದನ್ನು ತೆಗೆದು 3.5 ಲೀಟರಿನ ವಿ6 ಕೂರಿಸಬೇಕು ಎಂದು ಅವನ ಆಸೆ. ಕ್ಯಾಮ್ರಿಯಲ್ಲಿ ಬರುತ್ತಿದ್ದ ಇಂಜಿನ್ ಅದು, 2ಜಿಆರ್ ಎನ್ನುತ್ತಾರೆ, 268 ಹಾರ್ಸ್‌ಪವರ್. ಇಂಥ ಇಂಜಿನ್ ಶಾರ್ಜಾದ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಇದೇನೂ ಹುಚ್ಚು ಆಸೆಯಲ್ಲ. ಇಂಗ್ಲೆಂಡಿನ ಲೋಟಸ್ ಕಂಪನಿ 2009ರಲ್ಲಿ ತಂದ ಎವೋರಾ ಎಂಬ ಕಾರಿನಲ್ಲಿ ಸೀಟಿನ ಹಿಂದೆ ಇದ್ದದ್ದು ಇದೇ ಕ್ಯಾಮ್ರಿ ಇಂಜಿನ್.

ಇಂಜಿನ್ ಯಾವುದು ಎನ್ನುವುದು ಅರ್ಧ ಗಂಟೆಯ ಮಾತು. ಗೇರ್‌ಬಾಕ್ಸ್ ಯಾವುದು ಎನ್ನುವುದಕ್ಕೆ ಮೂರು ರಾತ್ರಿ ಹಿಡಿಯಿತು. ಭಾಯಿಗೆ ಕೆಲಸ ಮುಗಿಯುವುದು ಅಲ್ಲಿನ ಒಂಬತ್ತಕ್ಕೆ, ಇಲ್ಲಿ ಹತ್ತೂವರೆ. ಅಬ್ಬಾ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗಬೇಕಾದ್ದರಿಂದ ಬೇಗ ಮಲಗುತ್ತಾರೆ. ನಾನು ಅಡುಗೆಮನೆಯಲ್ಲಿ ಕೂತು ಮೆತ್ತಗೆ ಮಾತಾಡುತ್ತಾ ಬರೆದುಕೊಳ್ಳುತ್ತಿದ್ದೆ.

ಮೊದಲು ಕೇಳಬೇಕಾದ್ದು ಗೇರ್‌ಬಾಕ್ಸ್ ಇಂಜಿನ್ನಿಗೆ ಕೂರುತ್ತದೆಯೇ ಎಂದು. ಇಂಜಿನ್ನಿನ ಬೆನ್ನಲ್ಲಿ ಬೋಲ್ಟಿನ ತೂತುಗಳಿರುತ್ತವೆ, ಗೇರ್‌ಬಾಕ್ಸಿನ ಬೆಲ್ ಹೌಸಿಂಗ್‌ನಲ್ಲೂ ಇರುತ್ತವೆ. ಅವು ಒಂದರ ಮೇಲೊಂದು ಬರಬೇಕು. ಬರದಿದ್ದರೆ ನಡುವೆ ಅಲ್ಯೂಮಿನಿಯಂ ತಟ್ಟೆ ಕಡೆಸಿ ಹಾಕಬೇಕು, ಆ ತಟ್ಟೆ ಕೂದಲೆಳೆಯಷ್ಟು ಅತ್ತಿತ್ತ ಆದರೂ ಶಾಫ್ಟು ಬೇರಿಂಗನ್ನು ತಿಂದುಹಾಕುತ್ತದೆ. ಆಮೇಲೆ ಇಂಜಿನ್ ತಿರುಗುವ ದಿಕ್ಕು. ಇದು ನನಗೆ ಗೊತ್ತೇ ಇರಲಿಲ್ಲ. ಹೋಂಡಾದ ಹಳೇ ಇಂಜಿನ್‌ಗಳು ಬೇರೆ ಹೆಚ್ಚಿನವರದ್ದಕ್ಕೆ ಉಲ್ಟಾ ತಿರುಗುತ್ತವೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಇಂಜಿನ್ ತೀರಾ ಹಿಂದೆ, ಗೇರ್‌ಬಾಕ್ಸ್ ಅದರ ಮುಂದೆ. ಅದನ್ನು ನಡುವಿಗೆ ತರಲು ಇಡೀ ಸೆಟ್ಟನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿದರೆ ಗಾಡಿಗೆ ನಾಲ್ಕು ರಿವರ್ಸ್ ಗೇರು, ಒಂದು ಮುಂದಿನ ಗೇರು! ಒಳಗಿನ ಕ್ರೌನ್ ವೀಲನ್ನು ಈಚೆಯಿಂದ ಆಚೆಗೆ ಬದಲಿಸಿದರೆ ಮಾತ್ರ ಸರಿಹೋಗುತ್ತದೆ. ಇದನ್ನು ಕೇಳಿ ನಾನು ಜೋರಾಗಿ ನಕ್ಕು ಅಬ್ಬಾಗೆ ಎಚ್ಚರವಾಯಿತು.

ನಮ್ಮ ಗಾಡಿಗೆ ಇಂಥ ತೊಡಕು ಇರಲಿಲ್ಲ. ಟೊಯೊಟಾ ಇಂಜಿನ್ನಿಗೆ ಟೊಯೊಟಾ ಗೇರ್‌ಬಾಕ್ಸ್, ತೂತುಗಳು ಹೊಂದುತ್ತವೆ. ಇದ್ದ ದಾರಿಗಳು ನಾಲ್ಕು.

ಗಾಡಿಯಲ್ಲಿ ಮೊದಲೇ ಇರುವ ಎಸ್ 54 ಎಂಬ ಐದು ಗೇರಿನ ಡಬ್ಬಿಯನ್ನೇ ಉಳಿಸಿಕೊಳ್ಳುವುದು ಒಂದು. ಟರ್ಬೊ ಇಂಜಿನ್ನಿನ ಎಂಆರ್ 2ಕ್ಕೆ ಟೊಯೊಟಾ ಬೇರೆಯದೇ ಆದ, ಗಟ್ಟಿಯಾದ ಇ 153 ಎಂಬ ಡಬ್ಬಿ ಹಾಕಿತ್ತು, ಅದನ್ನು ಹುಡುಕುವುದು ಇನ್ನೊಂದು. ಅದೇ ಇ 153 ಅಮೆರಿಕದ ಹಳೇ ವಿ6 ಕ್ಯಾಮ್ರಿಯ ಮ್ಯಾನ್ಯುಯಲ್ ಗಾಡಿಗಳಲ್ಲೂ ಬರುತ್ತಿತ್ತು, ಅದು ಮೂರನೆಯದು. ಕೊನೆಯದು, ಇಂಜಿನ್ ಜೊತೆಗೇ ಬರುವ ಆರು ಗೇರಿನ ಆಟೋಮ್ಯಾಟಿಕ್. ಆಟೋಮ್ಯಾಟಿಕ್ ಹೆಸರು ಎತ್ತಿದ ಕೂಡಲೇ ಗಿರಾಕಿ ನಕ್ಕೋ ಅಂದನಂತೆ. ನನಗೆ ಅದೇ ಒಳ್ಳೆಯದು ಅನ್ನಿಸಿತ್ತು, ಜೊತೆಗೇ ಸಿಗುತ್ತದಲ್ಲ. ಭಾಯಿ ಬೈದರು: ‘ಇಂಥ ಗಾಡಿ ಇಟ್ಟುಕೊಂಡವನು ಗೇರ್ ಹಾಕೋಕೇ ಇಟ್ಟುಕೊಂಡಿರೋದು.’

ಉಳಿದ ಮೂರರಲ್ಲಿ ಲೆಕ್ಕ ಶುರುವಾಯಿತು. ಇಲ್ಲಿ ನಾನು ಬಹಳ ಉತ್ಸಾಹದಲ್ಲಿದ್ದೆ. ಹಿಂದಿನ ಟೈರಿನ ಅಳತೆ ಕೇಳಿ, ಅದರ ಸುತ್ತಳತೆ ಸುಮಾರು 1.89 ಮೀಟರ್ ಎಂದು ತೆಗೆದೆ. ಎಸ್ 54ರ ಐದನೇ ಗೇರು 0.820, ಕೊನೆಯ ಡಿಫರೆನ್ಷಿಯಲ್ ಅನುಪಾತ 4.176. ಗುಣಿಸಿದರೆ 3.42. ಅಂದರೆ ಚಕ್ರ ಒಂದು ಸುತ್ತು ಸುತ್ತಬೇಕಾದರೆ ಇಂಜಿನ್ 3.42 ಸುತ್ತು. ಗಂಟೆಗೆ 100 ಕಿಲೋಮೀಟರಿಗೆ ಇಂಜಿನ್ ನಿಮಿಷಕ್ಕೆ ಸುಮಾರು 3,000 ಸುತ್ತು. ಟರ್ಬೊದ ಇ 153ರಲ್ಲಿ ಐದನೇ ಗೇರು 0.731, ಕೊನೆಯದು 4.285, ಗುಣಿಸಿದರೆ 3.13. ಅದೇ ವೇಗಕ್ಕೆ ಸುಮಾರು 2,750 ಸುತ್ತು. ಕ್ಯಾಮ್ರಿಯ ಇ 153ರಲ್ಲಿ ಕೊನೆಯ ಅನುಪಾತ ಇನ್ನೂ ಕಡಿಮೆ, ಹಾಗಾಗಿ ಇಂಜಿನ್ ಇನ್ನೂ ನಿಧಾನ. ದೊಡ್ಡ ಇಂಜಿನ್ನಿಗೆ ಕೆಳಗಿನ ಸುತ್ತಿನಲ್ಲೇ ಶಕ್ತಿ ಇರುವುದರಿಂದ ಇದು ಒಳ್ಳೆಯದೇ.

ನಮ್ಮ ಮನೆಯಲ್ಲಿ ರೀಲಿಂಗ್ ಯಂತ್ರವಿದೆ. ಗೂಡಿನಿಂದ ನೂಲು ಎಳೆಯುವಾಗ ಪುಲ್ಲಿ ಬದಲಾಯಿಸಿದರೆ ರಾಟೆಯ ವೇಗ ಬದಲಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೇಗ ಸುತ್ತಿದರೆ ಹೆಚ್ಚು ನೂಲು ಬರುತ್ತದೆ, ಜೊತೆಗೆ ಎಳೆ ಹೆಚ್ಚು ತುಂಡಾಗುತ್ತದೆ. ಅಬ್ಬಾ ನೂಲಿನ ಬೆಲೆ ನೋಡುವ ಮೊದಲು ಎಷ್ಟು ಸಲ ತುಂಡಾಯಿತು ಎಂದು ಕೇಳುತ್ತಾರೆ. ಇದು ಆ ರಾತ್ರಿ ನನಗೆ ನೆನಪಾಗಲಿಲ್ಲ. ನಾನು ವೇಗವನ್ನಷ್ಟೇ ಲೆಕ್ಕ ಹಾಕುತ್ತಿದ್ದೆ.

ಭಾಯಿ ಮೂರನೇ ರಾತ್ರಿ ಹೇಳಿದ ಮಾತು ಇದು: ‘ಛೋಟಿ, ಎಸ್ 54 ಆ ಇಂಜಿನ್ನಿಗೆ ಕೂರುತ್ತೆ, ಓಡುತ್ತೆ. ಆದರೆ ಬಹಳ ದಿನ ಓಡಲ್ಲ.’ ಹಳೇ ಇಂಜಿನ್ನಿನ ಟಾರ್ಕ್ ಸುಮಾರು 190 ನ್ಯೂಟನ್ ಮೀಟರ್. ಟರ್ಬೊದ್ದು ಸುಮಾರು 270. ಹೊಸ ವಿ6ದು ಸುಮಾರು 335. ಅಂದರೆ 190ಕ್ಕೆ ಎಂದು ಮಾಡಿದ ಹಲ್ಲುಗಳ ಮೇಲೆ 335ರ ಒತ್ತಡ. ಅದು ಟೊಯೊಟಾದ ತಪ್ಪಲ್ಲ, ಕೇಳಿದ್ದಕ್ಕಿಂತ ಹೆಚ್ಚು ಭಾರ ನಾವು ಹೊರಿಸುತ್ತಿದ್ದೇವೆ. ನಾನು ಗುಣಾಕಾರ ಮಾಡಿ ನೋಡಿದೆ. ಮೊದಲನೇ ಗೇರಿನಲ್ಲಿ ಶಾಫ್ಟಿಗೆ ಹೋಗುವ ತಿರುಚುಬಲ ಮೊದಲು ಸುಮಾರು 2,600 ಇದ್ದದ್ದು ಈಗ 4,600ರ ಹತ್ತಿರ. ಈ ಎರಡು ಅಂಕಿಗಳನ್ನು ನಾನೇ ಬರೆದುಕೊಂಡಿದ್ದೆ. ಆ ಕಾಗದ ಈಗಲೂ ನನ್ನ ಅಕೌಂಟೆನ್ಸಿ ನೋಟ್ಸಿನೊಳಗಿದೆ.

ಆದರೂ ಹಾಳೆ ತಯಾರು ಮಾಡುವಾಗ ಏನು ಮಾಡಿದೆ? ಮೂರು ಕಾಲಂ ಹಾಕಿದೆ. ಗೇರ್‌ಬಾಕ್ಸಿನ ಬೆಲೆ, ಆಕ್ಸೆಲ್ ಶಾಫ್ಟುಗಳು, ಮೌಂಟ್, ಗೇರ್ ಕೇಬಲ್ ಹಿಡಿಯುವ ಬ್ರಾಕೆಟ್, ಕ್ಲಚ್, ಎಣ್ಣೆ, ಕೂಲಿ ಎಂದು ಸಾಲುಗಳು. ಇ 153 ಹಾಕಬೇಕಾದರೆ ಶಾಫ್ಟುಗಳೂ ಬೇರೆ, ಮೌಂಟೂ ಬೇರೆ, ಎಲ್ಲದಕ್ಕೂ ದುಡ್ಡು. ಟರ್ಬೊ ಡಬ್ಬಿಗೆ ಸಾಮಾನೆಲ್ಲ ಸೇರಿ 4,700 ದಿರ್ಹಂ ಬಂತು. ಕ್ಯಾಮ್ರಿಯದ್ದಕ್ಕೆ 3,900. ಎಸ್ 54ರ ಕಾಲಂನಲ್ಲಿ ಗೇರ್‌ಬಾಕ್ಸಿನ ಬೆಲೆ ಎಂಬ ಸಾಲಿನಲ್ಲಿ 0 ಎಂದು ಬರೆದೆ. ಗಾಡಿಯಲ್ಲೇ ಇದೆಯಲ್ಲ, ಕೊಳ್ಳುವುದೇನಿದೆ? ಶಾಫ್ಟು 0, ಮೌಂಟು 0, ಬ್ರಾಕೆಟ್ 0. ಕ್ಲಚ್ಚು ಎಣ್ಣೆ ಮಾತ್ರ, ಒಟ್ಟು 700. ಕೊನೆಯ ಸಾಲಿಗೆ ಹಳದಿ ಬಣ್ಣ ಹಾಕಿ ದಪ್ಪ ಅಕ್ಷರ ಮಾಡಿದೆ. ಬಹಳ ಚೆನ್ನಾಗಿ ಕಾಣುತ್ತಿತ್ತು. ‘ಇದು ಹೆಚ್ಚು ಬಾಳಿಕೆ ಬರುವುದಿಲ್ಲ’ ಎಂಬ ಭಾಯಿಯ ಮಾತನ್ನು ಕೆಳಗೆ ಷರಾ ಎಂದು ಹಾಕಿ ಸಣ್ಣ ಅಕ್ಷರದಲ್ಲಿ ಬರೆದೆ. ಒಂದು ಪುಟದೊಳಗೆ ಹಿಡಿಸಬೇಕಿತ್ತು, ಅದಕ್ಕೆ ಅಕ್ಷರ ಇನ್ನೂ ಚಿಕ್ಕದು ಮಾಡಿದೆ.

ಭಾಯಿ ನೋಡಿ ‘ಮಾಷಾ ಅಲ್ಲಾಹ್, ಆಫೀಸಿನವರು ಮಾಡಿದ ಹಾಗಿದೆ’ ಅಂದರು. ಅವರಿಗೆ ಇಂಗ್ಲಿಷ್ ಸಣ್ಣ ಅಕ್ಷರ ಮೊಬೈಲಿನಲ್ಲಿ ಓದುವ ಅಭ್ಯಾಸವಿಲ್ಲ. ಗಿರಾಕಿಗೆ ತೋರಿಸುವಾಗ ಬಾಯಿಮಾತಿನಲ್ಲಿ ಹೇಳೋಣ ಎಂದುಕೊಂಡಿದ್ದರು. ಆದರೆ ಗಿರಾಕಿಗೆ ತೋರಿಸಿದ್ದು ಫೋರ್‌ಮನ್. ಗಿರಾಕಿ ಹಳದಿ ಸಾಲು ನೋಡಿದ. 700 ಎಲ್ಲಿ, 4,700 ಎಲ್ಲಿ. ಕೆಲಸ ಬೇಗ ಮುಗಿಯುತ್ತದೆ ಎಂದು ಫೋರ್‌ಮನ್‌ಗೂ ಅದೇ ಬೇಕಿತ್ತು. ಭಾಯಿ ಸಂಜೆ ಬರುವಷ್ಟರಲ್ಲಿ ಮುಂಗಡ ಕೈಸೇರಿತ್ತು. ಒಂದು ಸಲ ಬೇಡ ಅಂದರಂತೆ. ‘ಹಿಸಾಬು ನಿನ್ನದೇ ತಾನೆ?’ ಅಂದರಂತೆ ಅವರು.

ಮೂರು ವಾರದಲ್ಲಿ ಗಾಡಿ ತಯಾರಾಯಿತು. ಮೊದಲ ಸಲ ಸ್ಟಾರ್ಟ್ ಮಾಡಿದ ವಿಡಿಯೋ ಬಂತು. ಆ ಸದ್ದು ಕೇಳಿ ತಮ್ಮ ಮನೆಯೆಲ್ಲ ಕುಣಿದ. ಭಾಯಿ ಬಕ್ರೀದಿಗೆ ಊರಿಗೆ ಬರುವುದು ಎಂದು ತೀರ್ಮಾನವಾಗಿತ್ತು. ಎರಡು ವರ್ಷದಿಂದ ಬಂದಿರಲಿಲ್ಲ. ಅಮ್ಮಿ ಹಿತ್ತಲ ಕೋಣೆಗೆ ಸುಣ್ಣ ಹೊಡೆಸಿದರು.

ಇನ್ನೂ ಮೂರು ವಾರ ಕಳೆದಿರಬಹುದು. ಹೆದ್ದಾರಿಯಲ್ಲಿ ಮೂರನೇ ಗೇರಿನಲ್ಲಿ ಗಿರಾಕಿ ಪೂರ್ತಿ ಕಾಲಿಟ್ಟಾಗ ಗಡಗಡ ಎಂದು ಸದ್ದಾಗಿ ಗಾಡಿ ನಿಂತಿತು. ಮೂರನೆಯದೂ ಇಲ್ಲ, ನಾಲ್ಕನೆಯದೂ ಇಲ್ಲ. ಎತ್ತಿಕೊಂಡು ಬಂದರು. ಭಾಯಿ ಡಬ್ಬಿ ಬಿಚ್ಚಿ, ಎಣ್ಣೆ ಬಸಿದು, ವಿಡಿಯೋ ಕಾಲ್ ಮಾಡಿ ಅಂಗೈ ತೋರಿಸಿದರು. ಅಂಗೈ ಮೇಲೆ ಉಕ್ಕಿನ ಚೂರುಗಳು. ಮುರಿದ ಹಲ್ಲು. ಬೇಸಿಗೆಯಲ್ಲಿ ಐಸ್ ಗೋಲಾದಿಂದ ಕಚ್ಚಿದ ತುಂಡಿನ ಹಾಗೆ ಹೊಳೆಯುತ್ತಿತ್ತು.

ಯಾಕೆ ಮುರಿಯಿತು ಎಂದು ಅವರು ಆ ಸಂಕಟದಲ್ಲೂ ವಿವರಿಸಿದರು. ಗೇರಿನ ಹಲ್ಲು ಓರೆಯಾಗಿ ಕೊರೆದಿರುತ್ತಾರೆ, ಸದ್ದು ಕಡಿಮೆ ಬರಲಿ ಎಂದು. ಒತ್ತಡ ಬಿದ್ದಾಗ ಎರಡು ಶಾಫ್ಟುಗಳು ಒಂದನ್ನೊಂದು ದೂರ ತಳ್ಳುತ್ತವೆ. ಶಾಫ್ಟು ದಪ್ಪಗಿದ್ದರೆ, ಡಬ್ಬಿಯ ಗೋಡೆ ಗಟ್ಟಿಯಿದ್ದರೆ ತಡೆಯುತ್ತದೆ. ಇಲ್ಲದಿದ್ದರೆ ಶಾಫ್ಟು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಹಲ್ಲು ಪೂರ್ತಿ ಹಲ್ಲನ್ನು ಕಚ್ಚುವ ಬದಲು ತುದಿ ಮಾತ್ರ ತುದಿಯನ್ನು ಕಚ್ಚುತ್ತದೆ. ಇಡೀ ಭಾರ ಆ ತುದಿಯ ಮೇಲೆ. ಒಂದು ದಿನ ತುದಿ ಹಾರುತ್ತದೆ, ಆ ಚೂರು ಪಕ್ಕದ ಗೇರಿನೊಳಗೆ ಹೋಗಿ ಅದನ್ನೂ ಮುಗಿಸುತ್ತದೆ. ಇ 153 ದೊಡ್ಡದಾಗಿ ಇರುವುದು ಇದಕ್ಕೇ.

ಆಮೇಲೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ಗಿರಾಕಿ ದುಡ್ಡು ಕೊಡಲು ಒಪ್ಪಲಿಲ್ಲ. ಫೋರ್‌ಮನ್ ಹಾಳೆ ತೆಗೆದು, ಲೆಕ್ಕ ಕೊಟ್ಟವನು ನೀನು, ಕೂರಿಸಿದವನೂ ನೀನು ಅಂದರು. ಇಂಜಿನ್ ಮತ್ತೆ ಇಳಿಸಬೇಕು, ಮತ್ತೆ ಏರಿಸಬೇಕು. ನಾಲ್ಕು ದಿನದ ಕೆಲಸ ಭಾಯಿ ಪುಕ್ಕಟೆ ಮಾಡಿದರು. ಆ ತಿಂಗಳ ಸಂಬಳದಲ್ಲಿ ಅರ್ಧ ಹಿಡಿದುಕೊಂಡರು. ಹಬ್ಬದ ಸಮಯಕ್ಕೆ ಟಿಕೆಟ್ ಬೆಲೆ ಏರಿತ್ತು. ಟಿಕೆಟ್ಟಿಗೆ ಇಟ್ಟ ದುಡ್ಡು ಅಲ್ಲಿನ ರೂಮಿನ ಬಾಡಿಗೆಗೆ ಹೋಯಿತು. ಗ್ಯಾರೇಜಿನ ಹೆಸರು ಬರೆಯಬೇಡ ಎಂದು ಭಾಯಿ ಹೇಳಿದ್ದಾರೆ, ಬರೆಯುವುದಿಲ್ಲ.

‘ರಜೆ ಸಿಗಲಿಲ್ಲ’ ಎಂದು ಅಮ್ಮಿಗೆ ಹೇಳಿದರು. ಬಕ್ರೀದಿನ ದಿನ ಅಮ್ಮಿ ಅವರ ಪಾಲಿನ ಮಾಂಸವನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರು. ಅದು ಅಲ್ಲೇ ಇತ್ತು. ಎರಡು ವಾರವಾದ ಮೇಲೆ ಅಬ್ಬಾ ಸುಮ್ಮನೆ ತೆಗೆದು ಪಕ್ಕದ ಮನೆಗೆ ಕೊಟ್ಟರು. ಆ ಡಬ್ಬಿ ಕಂಡಾಗೆಲ್ಲ ನನಗೆ ಹಳದಿ ಸಾಲು ನೆನಪಾಗುತ್ತಿತ್ತು. ಭಾಯಿ ಒಂದು ದಿನವೂ ‘ನಿನ್ನಿಂದ’ ಎಂದು ಹೇಳಲಿಲ್ಲ. ಬೈದಿದ್ದರೆ ಅಳುತ್ತಿದ್ದೆ, ಮುಗಿಯುತ್ತಿತ್ತು.

ಜೂನ್‌ನಲ್ಲಿ ದ್ವಿತೀಯ ಪಿಯುಸಿ ಶುರುವಾಯಿತು. ಎಕನಾಮಿಕ್ಸ್‌ನ ಮೊದಲನೇ ಅಧ್ಯಾಯದಲ್ಲೇ ಅವಕಾಶ ವೆಚ್ಚ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ ಎಂದು ಮೇಡಂ ಅಕ್ಕಿ, ಹತ್ತಿ ಎಂದು ಉದಾಹರಣೆ ಕೊಟ್ಟರು. ನಾನು ನೋಟ್ಸಿನಲ್ಲಿ ಎಸ್ 54 ಎಂದು ಬರೆದೆ. ಪಕ್ಕದಲ್ಲಿ ಕೂತ ಗೆಳತಿ ‘ಅದು ರೈಲ್ವೆ ಕೋಚಾ?’ ಅಂದಳು. ಆ ಡಬ್ಬಿಗೆ ಬೆಲೆ ಇರಲಿಲ್ಲ ಎನ್ನುವುದೂ ಸುಳ್ಳೇ ಆಗಿತ್ತು. ಸುಸ್ಥಿತಿಯಲ್ಲಿದ್ದ ಎಸ್ 54 ಅನ್ನು ಗುಜರಿಗೆ ಮಾರಿದ್ದರೆ 900 ದಿರ್ಹಂ ಸಿಗುತ್ತಿತ್ತಂತೆ. ಒಡೆದ ಮೇಲೆ ಅದು ಅಲ್ಯೂಮಿನಿಯಂ ತೂಕದ ಲೆಕ್ಕ. ಅಂದರೆ ನನ್ನ ಸೊನ್ನೆ ಅಂಗಡಿ ಲೆಕ್ಕದಲ್ಲೂ ಸೊನ್ನೆಯಲ್ಲ. ಮತ್ತೊಮ್ಮೆ ಬಿಚ್ಚಿ ಕಟ್ಟುವ ಕೂಲಿಯನ್ನಂತೂ ನಾನು ಹಾಕಿಯೇ ಇರಲಿಲ್ಲ.

ಕಾಲೇಜು ಲೈಬ್ರರಿಯ ಕಂಪ್ಯೂಟರಿನಲ್ಲಿ ಹುಡುಕಿದಾಗ ಇನ್ನೊಂದು ವಿಷಯ ಸಿಕ್ಕಿತು. ನಮಗಿಂತ ದೊಡ್ಡವರೂ ಇದನ್ನೇ ಮಾಡಿದ್ದಾರೆ. 1964ರಲ್ಲಿ ಫೋರ್ಡ್ ಕಂಪನಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಯ ರೇಸಿಗೆ ಮೂರು ಜಿಟಿ 40 ಕಾರುಗಳನ್ನು ಕಳಿಸಿತು. ನಡುವೆ ದೊಡ್ಡ ವಿ8 ಇಂಜಿನ್, ಹಿಂದೆ ಇಟಲಿಯ ಕೊಲೊಟ್ಟಿ ಗೇರ್‌ಬಾಕ್ಸ್. ಒಂದು ಕಾರಿಗೆ ಬೆಂಕಿ ಹತ್ತಿತು. ಉಳಿದ ಎರಡೂ ಗೇರ್‌ಬಾಕ್ಸ್ ಕೆಟ್ಟು ನಿಂತವು. ಒಂದೂ ಕೊನೆ ಮುಟ್ಟಲಿಲ್ಲ. 1966ರಲ್ಲಿ ಮೊದಲ ಮೂರೂ ಸ್ಥಾನ ಫೋರ್ಡ್‌ಗೇ ಬಂದವು. ಆಗ ಇಂಜಿನ್ ಇನ್ನೂ ದೊಡ್ಡದು, 7 ಲೀಟರ್. ಆದರೆ ಅದಕ್ಕೆಂದೇ ಫೋರ್ಡ್ ತಾನೇ ಮಾಡಿಸಿದ ಗೇರ್‌ಬಾಕ್ಸ್ ಇತ್ತು, ಅದರಲ್ಲಿ ನಾಲ್ಕೇ ಗೇರು. ಇದನ್ನು ಭಾಯಿಗೆ ಹೇಳಿದೆ. ‘ನಾಲ್ಕೇ ಗೇರಾ? ಹೌದು, ಕಡಿಮೆ ಗೇರಿದ್ದರೆ ಪ್ರತಿ ಗೇರನ್ನೂ ಅಗಲ ಮಾಡಬಹುದು’ ಅಂದರು. ಓದದೇ ಇದ್ದರೂ ಅವರಿಗೆ ಗೊತ್ತಾಗುತ್ತದೆ. ಲೋಟಸ್‌ನವರೂ ಎವೋರಾಕ್ಕೆ ಹಾಕಿದ ಆರು ಗೇರಿನ ಡಬ್ಬಿ ಟೊಯೊಟಾದ ಡೀಸೆಲ್ ಕಾರಿಗೆಂದು ಮಾಡಿದ್ದು. ಡೀಸೆಲ್ ಇಂಜಿನ್ನಿನ ಟಾರ್ಕ್ ತಡೆಯುವ ಡಬ್ಬಿ ವಿ6ದನ್ನೂ ತಡೆಯುತ್ತದೆ. ನೋಡಿದರೆ ಎಲ್ಲರೂ ಮೊದಲು ಕೇಳುವುದು ಎಷ್ಟು ತಡೆಯುತ್ತದೆ ಎಂದು, ಆಮೇಲೆ ಎಷ್ಟು ಬೆಲೆ ಎಂದು.

ಎರಡನೇ ಹಾಳೆ ಮಾಡಿದ್ದು ನಾನೇ, ಕೇಳಿ ಮಾಡಿದೆ. ಮೊದಲ ಡಬ್ಬಿ ಒಡೆದ ಮೂರನೇ ದಿನವೇ. ಈ ಸಲ ಸಾಲುಗಳು ಬೇರೆ. ಎಷ್ಟು ಟಾರ್ಕಿಗೆ ಮಾಡಿದ್ದು ಎಂಬುದು ಮೇಲಿನ ಮೊದಲ ಸಾಲು, ಬೆಲೆಗಿಂತ ದಪ್ಪ ಅಕ್ಷರದಲ್ಲಿ. ಕೆಟ್ಟರೆ ಮತ್ತೆ ಇಳಿಸಿ ಏರಿಸುವ ಖರ್ಚು ಎಂದು ಒಂದು ಸಾಲು. ಹಳೆಯದನ್ನು ಮಾರಿದರೆ ಬರುವುದು ಎಂದು ಒಂದು ಸಾಲು. ಒಂದೊಂದು ಸಾಮಾನನ್ನು ಹುಡುಕಲು ಎಷ್ಟು ದಿನ ಬೇಕು ಎಂದೂ ಹಾಕಿದೆ. ಈ ಕೊನೆಯದೇ ಕ್ಯಾಮ್ರಿ ಡಬ್ಬಿಯನ್ನು ಹಿಂದೆ ಹಾಕಿತು. ಅದರ ಅನುಪಾತ ಚೆನ್ನಾಗಿತ್ತು, ಬೆಲೆಯೂ ಕಡಿಮೆ. ಆದರೆ ಅದು ಮುಂಚಕ್ರದ ಗಾಡಿಯಿಂದ ಬಂದದ್ದು. ಗೇರ್ ಕೇಬಲ್ ಹಿಡಿಯುವ ಬ್ರಾಕೆಟ್ಟು, ಮೌಂಟು, ಶಾಫ್ಟು ಒಂದೊಂದನ್ನೂ ಎಂಆರ್ 2ರಿಂದಲೇ ಬೇರೆ ಬೇರೆ ಹುಡುಕಬೇಕು. ಭಾಯಿಗೆ ಅಷ್ಟು ದಿನ ಇರಲಿಲ್ಲ. ಅದೇ ವಾರ ಒಂದು ಗುದ್ದಿಸಿಕೊಂಡ ಟರ್ಬೊ ಎಂಆರ್ 2 ಪಕ್ಕದ ಯಾರ್ಡಿಗೆ ಬಂತು. ಡಬ್ಬಿ, ಎರಡು ಶಾಫ್ಟು, ಮೌಂಟು, ಬ್ರಾಕೆಟ್ಟು ಎಲ್ಲ ಒಂದೇ ಗಾಡಿಯದ್ದು. ಕ್ಯಾಮ್ರಿಯದ್ದಕ್ಕಿಂತ 800 ದಿರ್ಹಂ ಜಾಸ್ತಿ. ಅದನ್ನೇ ತಗೊಳ್ಳಿ ಅಂದೆ. ಭಾಯಿ ಈ ಸಲ ಹಾಳೆಯನ್ನು ಫೋರ್‌ಮನ್ ಕೈಗೆ ಕೊಡಲಿಲ್ಲ. ಗಿರಾಕಿಯನ್ನು ಕೂರಿಸಿ, ಮುರಿದ ಗೇರನ್ನು ಮೇಜಿನ ಮೇಲಿಟ್ಟು, ಮೊದಲ ಸಾಲಿನಿಂದ ಓದಿ ಹೇಳಿದರು. ಅರ್ಧ ಗಂಟೆ ಬೇಕಾಯಿತಂತೆ. ಡಬ್ಬಿಯ ದುಡ್ಡು ಗಿರಾಕಿ ಕೊಟ್ಟ. ಕೂಲಿ ಭಾಯಿಯದೇ ಹೋಯಿತು.

ನಮ್ಮ ಮನೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಬಿಡದಿ ಬರುತ್ತದೆ. ಅಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ, ಪಕ್ಕದಲ್ಲೇ ಗೇರ್‌ಬಾಕ್ಸ್ ಮಾಡುವ ಅವರದೇ ಇನ್ನೊಂದು ಕಾರ್ಖಾನೆಯೂ ಇದೆ. ಅಲ್ಲಿ ಮಾಡಿದ ಡಬ್ಬಿಗಳು ಹೊರದೇಶಗಳಿಗೂ ಹೋಗುತ್ತವೆ. ನಮ್ಮ ಸುತ್ತಿನ ಊರುಗಳಿಂದ ಗೇರ್‌ಬಾಕ್ಸೂ ಹೋಗುತ್ತದೆ, ಅದನ್ನು ಬಿಚ್ಚುವ ಹುಡುಗರೂ ಹೋಗುತ್ತಾರೆ. ಬಿಡದಿ ಸ್ಟೇಷನ್ ಬಂದಾಗೆಲ್ಲ ಅಮ್ಮಿ ಕಿಟಕಿಯಿಂದ ನೋಡಿ ‘ಇಲ್ಲೇ ಒಂದು ಕೆಲಸ ಸಿಕ್ಕಿದ್ದರೆ’ ಎನ್ನುತ್ತಾರೆ. ಡಿಪ್ಲೊಮಾ ಇಲ್ಲದೆ ಸಿಗುವುದಿಲ್ಲ ಎಂದು ಅಬ್ಬಾ ಪ್ರತಿ ಸಲವೂ ಹೇಳುತ್ತಾರೆ.

ಭಾಯಿ ನವೆಂಬರಿನಲ್ಲಿ ಬಂದರು, ಹದಿನೆಂಟು ದಿನಕ್ಕೆ. ಅಮ್ಮಿಗೆ ಅತ್ತರು, ಅಬ್ಬಾಗೆ ಶಾಲು, ತಮ್ಮನಿಗೆ ಬೂಟು. ನನಗೆ ಪತ್ರಿಕೆಯಲ್ಲಿ ಸುತ್ತಿದ ಭಾರದ ಪೊಟ್ಟಣ. ಬಿಚ್ಚಿದರೆ ಎಸ್ 54ರ ಮೂರನೇ ಗೇರು. ಪೆಟ್ರೋಲಿನಲ್ಲಿ ತೊಳೆದು ಒರೆಸಿದ್ದರು, ಮೂರು ಹಲ್ಲು ಇಲ್ಲ. ವಿಮಾನ ನಿಲ್ದಾಣದಲ್ಲಿ ಇದೇನು ಎಂದು ಬ್ಯಾಗು ತೆಗೆಸಿದರಂತೆ. ‘ನನ್ನ ತಂಗಿ ಕಾಮರ್ಸ್ ಓದುತ್ತಾಳೆ, ಅವಳಿಗೆ ಬೇಕು’ ಅಂದರಂತೆ. ಆ ಅಧಿಕಾರಿಗೆ ಏನು ಅರ್ಥವಾಯಿತೋ, ಬಿಟ್ಟರು.

ಈಗ ಅದು ನನ್ನ ಮೇಜಿನ ಮೇಲೆ ಪುಸ್ತಕದ ಹಾಳೆ ಹಾರದಂತೆ ಕೂತಿದೆ. ಅಬ್ಬಾ ಒಂದೆರಡು ಸಲ ಎತ್ತಿ ನೋಡಿದ್ದಾರೆ. ರೀಲಿಂಗ್ ಯಂತ್ರದ್ದಲ್ಲ ಎಂದು ಅವರಿಗೆ ಗೊತ್ತು, ಯಾವುದರದ್ದು ಎಂದು ಕೇಳಿಲ್ಲ. ಹೋದ ವಾರ ಭಾಯಿ ಮತ್ತೆ ಫೋನ್ ಮಾಡಿದ್ದರು. ಯಾರದ್ದೋ ಹಳೇ ಲ್ಯಾಂಡ್ ಕ್ರೂಸರ್, ಗೇರ್‌ಬಾಕ್ಸ್ ಬದಲಾಯಿಸಬೇಕಂತೆ, ಹಿಸಾಬು ಬೇಕಂತೆ. ಪ್ರಿಪರೇಟರಿ ಪರೀಕ್ಷೆ ಇದೆ, ಭಾನುವಾರ ಮಾಡಿಕೊಡುತ್ತೇನೆ ಎಂದಿದ್ದೇನೆ. ಇಂಜಿನ್ನಿನ ಟಾರ್ಕ್ ಎಷ್ಟು ಎಂದು ಮೊದಲು ಬರೆದು ಕಳಿಸಿ ಎಂದೂ ಹೇಳಿದ್ದೇನೆ. ಇನ್ನೂ ಕಳಿಸಿಲ್ಲ.